ನೀರು ಕಂಡ ಸರಕು

ನನ್ನ ಅತ್ತೆ ಯಾವ ವಸ್ತುವನ್ನೂ ಮೊದಲು ಕಣ್ಣಿನಿಂದ ನೋಡುವವರಲ್ಲ. ಕೈಗೆ ತೆಗೆದುಕೊಂಡು ತೂಗುತ್ತಾರೆ, ಮೂಗಿನ ಹತ್ತಿರ ತರುತ್ತಾರೆ, ಕಿವಿಯ ಬಳಿ ಒಮ್ಮೆ ಅಲ್ಲಾಡಿಸುತ್ತಾರೆ, ಆಮೇಲೆ ಬೆಳಕಿಗೆ ಹಿಡಿಯುತ್ತಾರೆ. ಮದುವೆಯ ಮಾತುಕತೆಗೆಂದು ಮೊದಲ ಸಲ ನನ್ನ ತವರಿಗೆ ಬಂದಾಗ ಅವರು ನನ್ನ ಮುಖ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿಗೆ ಕಿವಿಗೊಟ್ಟಿದ್ದರು. "ಬೇರಿಂಗ್ ಹೋಗಿದೆ" ಎಂಬುದೇ ಅವರಾಡಿದ ಮೊದಲ ಮಾತು. ನನ್ನ ಅಮ್ಮನಿಗೆ ಸಿಟ್ಟು ಬಂತು. "ಇವರು ಸಂಬಂಧ ನೋಡೋಕೆ ಬಂದೋರೋ, ರಿಪೇರಿಗೆ ಬಂದೋರೋ?" ಎಂದು ಅಡುಗೆಮನೆಯಲ್ಲಿ ಗೊಣಗಿದಳು. ಮದುವೆ ಗೊತ್ತಾಗುವುದಕ್ಕೆ ಮೊದಲೇ ಫ್ಯಾನು ರಿಪೇರಿಯಾಗಿ ಬಂತು. ಅತ್ತೆ ಅದಕ್ಕೆ ದುಡ್ಡನ್ನೂ ತೆಗೆದುಕೊಂಡರು. ಬೀಗರಾಗಬಹುದಾದವರೆಂದು ಸ್ವಲ್ಪ ರಿಯಾಯಿತಿ ಕೊಟ್ಟರು, ಅಷ್ಟೇ.

ಅವರದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಸಾಲು ಮಳಿಗೆಗಳಲ್ಲಿ ಒಂದು ಪಕ್ಕಕ್ಕೆ ದರ್ಜಿ, ಇನ್ನೊಂದು ಪಕ್ಕಕ್ಕೆ ಜೆರಾಕ್ಸ್, ನಡುವೆ ಉಸಿರು ಬಿಗಿಹಿಡಿದು ನಿಂತಂತಿದ್ದ ಕಿರಿದಾದ ಮಳಿಗೆ. ಗೋಡೆಯ ತುಂಬ ಗೂಡುಗಳು, ಗೂಡುಗಳ ತುಂಬ ಸ್ವಿಚ್ಚು, ಸಾಕೆಟ್ಟು, ಹೋಲ್ಡರು, ಫ್ಯೂಸು. ಹಿಂಬದಿಯ ಪರದೆಯಾಚೆ ಮಾವನ ಬೆಂಚು. ಅಲ್ಲಿ ಅವರು ಸುಟ್ಟ ಮೋಟರುಗಳ ತಂತಿ ಬಿಚ್ಚಿ ಹೊಸ ತಂತಿ ಸುತ್ತುತ್ತಾರೆ. ಇಡೀ ಅಂಗಡಿಗೆ ವಾರ್ನಿಷ್ ವಾಸನೆ. ಮಾವನಿಗೆ ಕಿವಿ ಸ್ವಲ್ಪ ಮಂದ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟರಿಗೆ ತಾಗಿಸಿ, ಅದರ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು ಅದರ ಕಾಯಿಲೆ ಹೇಳುತ್ತಾರೆ. "ಹೆಂಡತಿ ಮಾತು ಮಾತ್ರ ಕೇಳಿಸಲ್ಲ. ನನಗೂ ಒಂದು ಸ್ಕ್ರೂಡ್ರೈವರ್ ಒತ್ತಿ ನೋಡಿ ಅಂತೀನಿ" ಎನ್ನುವುದು ಅತ್ತೆಯ ಹಳೆಯ ತಮಾಷೆ.

ಮದುವೆಯಾಗಿ ಈ ಮನೆಗೆ ಬಂದಾಗ ಅತ್ತೆಗೆ ಯಾವ ವೈರು ಎಲ್ಲಿಗೆಂಬುದೂ ತಿಳಿದಿರಲಿಲ್ಲವಂತೆ. ಮಾವ ಕೆಲಸಕ್ಕೆ ಹೊರಗೆ ಹೋದಾಗ ಗಲ್ಲಾದಲ್ಲಿ ಕೂತು, ಕೇಳಿದ್ದನ್ನು ಕೊಟ್ಟು, ಬಂದದ್ದನ್ನು ಡಬ್ಬಿಗೆ ಹಾಕುವುದಷ್ಟೇ ಕೆಲಸ. ಆಗ ಒಬ್ಬ ಗಿರಾಕಿ ಮೂರು ಸಲ ಅದೇ ಬಲ್ಬನ್ನು ವಾಪಸ್ಸು ತಂದು "ಉರಿಯಲ್ಲ" ಎಂದನಂತೆ. ಅತ್ತೆ ಮೂರು ಸಲವೂ ಹೊಸದು ಕೊಟ್ಟರಂತೆ. ಕೊನೆಗೆ ನೋಡಿದರೆ ಹಾಳಾಗಿದ್ದದ್ದು ಅವನ ಮನೆಯ ಹೋಲ್ಡರು. ಆ ದಿನವೇ ಅವರು ಗಲ್ಲಾದ ಮೇಲೆ ಒಂದು ಟೆಸ್ಟ್ ಬೋರ್ಡು ಕೂರಿಸಿಕೊಂಡರು. ಅಂದಿನಿಂದ ಅಂಗಡಿ ಬಿಟ್ಟು ಹೋಗುವ ಪ್ರತಿಯೊಂದು ಸಾಮಾನೂ ಗಿರಾಕಿಯ ಎದುರಿಗೆ ಒಮ್ಮೆ ಉರಿಯಬೇಕು, ತಿರುಗಬೇಕು ಅಥವಾ ಕಟಕ್ ಎನ್ನಬೇಕು. ಆಮೇಲೆ ಅದರ ತಳಕ್ಕೆ ಉಗುರುಬಣ್ಣದ ಒಂದು ಕೆಂಪು ಚುಕ್ಕೆ. ಉಗುರಿಗೆ ಎಂದೂ ಬಣ್ಣ ಹಚ್ಚದ ಹೆಂಗಸು ವರ್ಷಕ್ಕೆ ಅಷ್ಟೊಂದು ಶೀಶೆ ಉಗುರುಬಣ್ಣ ಏಕೆ ಕೊಳ್ಳುತ್ತಾರೆಂಬುದು ಫ್ಯಾನ್ಸಿ ಸ್ಟೋರಿನವಳಿಗೆ ಇನ್ನೂ ಬಿಡಿಸಲಾಗದ ಒಗಟು. ಚುಕ್ಕೆಯಿರುವ ಸಾಮಾನು ಕೆಟ್ಟರೆ ಪ್ರಶ್ನೆಯಿಲ್ಲ, ಬೇರೆ ಕೊಡುತ್ತಾರೆ. ಹೊಸ ಮನೆ ಕಟ್ಟಿಸುವವರು ವೈರಿಂಗಿನವನಿಗೆ "ಚುಕ್ಕೆ ಇರೋದೇ ತಗೊಂಡು ಬಾ" ಎನ್ನುವಷ್ಟು ಆ ಚುಕ್ಕೆ ಬೀದಿಬೀದಿಗೆ ಗೊತ್ತಾಗಿತ್ತು.

ಇಷ್ಟು ಹೇಳಿದರೆ ಅತ್ತೆ ಬಲು ಕಟ್ಟುನಿಟ್ಟಿನವರು ಎಂದುಕೊಂಡೀರಿ. ಹಾಗಲ್ಲ. ಅವರಿಗೆ ಒಂದು ದೌರ್ಬಲ್ಯವಿದೆ: ಅಗ್ಗ. ಒಟ್ಟಿಗೆ ತಗೊಂಡರೆ ಕಡಿಮೆ ಎಂದು ಯಾರಾದರೂ ಅಂದರೆ ಅವರ ಕಣ್ಣು ಸಣ್ಣ ಹುಡುಗಿಯ ಕಣ್ಣಾಗಿಬಿಡುತ್ತದೆ. ಬಾಗಿಲು ಮುಚ್ಚಿದ ಯಾವುದೋ ಕಂಪನಿ ಜಾಹೀರಾತಿಗೆಂದು ಮಾಡಿಸಿದ್ದ ಗೋಡೆ ಗಡಿಯಾರಗಳನ್ನು ಒಮ್ಮೆ ಮೂಟೆಗಟ್ಟಲೆ ತಂದಿದ್ದರು. ಎಲ್ಲವೂ ಮುಂದೆ ಓಡುತ್ತಿದ್ದವು. ಮಾರಾಟವಾಗದೆ ಉಳಿದವು ಈಗ ನಮ್ಮ ಮನೆಯ ಪ್ರತಿ ಗೋಡೆಯಲ್ಲೂ ಇವೆ, ಬಚ್ಚಲುಮನೆಯಲ್ಲೂ ಒಂದು ಇದೆ. "ಬೇರೆಯವರ ಮನೇಲಿ ಟೈಮು ಸಿಗಲ್ಲ ಅಂತಾರೆ, ನಮ್ಮನೇಲಿ ಎಲ್ಲರಿಗಿಂತ ಮೊದಲೇ ಸಿಗುತ್ತೆ" ಎಂದು ನನ್ನ ಗಂಡ ಹೇಳುತ್ತಾನೆ. ಅತ್ತೆ ಆ ಮಾತಿಗೆ ನಕ್ಕದ್ದನ್ನು ನಾನು ಕಂಡಿಲ್ಲ. ಅವು ಅಗ್ಗಕ್ಕೆ ಸಿಕ್ಕಿದ್ದವು ಎಂಬ ಸಂತೋಷ ಅವರಲ್ಲಿ ಇನ್ನೂ ಆರಿಲ್ಲ.

ನಾನು ಹೇಳಹೊರಟದ್ದು ಮಳಿಗೆಯ ಮಾಲೀಕರು ಮಳಿಗೆ ಮಾರುತ್ತೇನೆಂದ ವರ್ಷದ ಸಂಗತಿ.

ಮಾಲೀಕರು ಒಳ್ಳೆಯವರು. "ಮೂವತ್ತು ವರ್ಷದಿಂದ ನೀವಿದ್ದೀರಿ. ಮೊದಲು ನಿಮಗೇ ಕೇಳ್ತೀನಿ. ವರ್ಷದ ಕೊನೆಯೊಳಗೆ ಆಗುತ್ತಾ ನೋಡಿ. ಆಗದಿದ್ರೆ ಚಪ್ಪಲಿ ಅಂಗಡಿಯವನು ಕೇಳ್ತಿದ್ದಾನೆ" ಎಂದರು. ಅತ್ತೆ ಮಾವನ ಬಳಿ ಉಳಿತಾಯವಿತ್ತು, ಆದರೆ ಮುಕ್ಕಾಲು ಪಾಲಿನಷ್ಟು. ಉಳಿದ ಕಾಲು ಪಾಲಿನ ಯೋಚನೆ ಆ ವರ್ಷ ನಮ್ಮೊಂದಿಗೇ ಉಂಡಿತು, ನಮ್ಮೊಂದಿಗೇ ಮಲಗಿತು. ಅತ್ತೆ ಮಧ್ಯಾಹ್ನದ ಹೊತ್ತು ಗಿರಾಕಿಗಳಿಲ್ಲದಾಗ ಸುಮ್ಮನೆ ಗೋಡೆಯ ಗೂಡುಗಳನ್ನು ಕೈಯಿಂದ ಸವರುತ್ತಾ ನಿಲ್ಲುತ್ತಿದ್ದರು. ಆ ಗೂಡುಗಳನ್ನು ಅವರು ಬಡಗಿಯ ಪಕ್ಕದಲ್ಲೇ ನಿಂತು ತಮ್ಮ ಕೈಯಳತೆಗೆ ಮಾಡಿಸಿಕೊಂಡಿದ್ದರು. ಅತಿ ಎತ್ತರದ ಗೂಡೂ ಅವರು ತುದಿಗಾಲಲ್ಲಿ ನಿಂತರೆ ಬೆರಳಿಗೆ ಎಟಕುತ್ತಿತ್ತು, ಒಂದು ಅಂಗುಲವೂ ಹೆಚ್ಚಿಲ್ಲ.

ಅಂಥ ಒಂದು ಮಧ್ಯಾಹ್ನ ಸಕ್ಕರೆ ದಲ್ಲಾಳಿ ಬಂದ. ಬಾಯಿ ತೆರೆದರೆ ಸಕ್ಕರೆ ಸುರಿಯುತ್ತದೆಂದು ಆ ಹೆಸರು. ಯಾರ ಬಳಿ ಏನು ಹೆಚ್ಚಾಗಿದೆ, ಯಾರಿಗೆ ಏನು ಕಡಿಮೆಯಾಗಿದೆ ಎಂದು ತಿಳಿದುಕೊಂಡು ನಡುವೆ ಬದುಕುವವನು.

"ಅಕ್ಕಾ, ಲಾಟರಿ ತಂದಿದ್ದೀನಿ. ಟಿಕೆಟ್ಟೂ ತಗೋಬೇಡಿ, ಬಹುಮಾನ ಮಾತ್ರ ತಗೊಳ್ಳಿ."

"ಹೋದ ಸಲ ಗಡಿಯಾರ ತಂದಾಗಲೂ ಹೀಗೇ ಅಂದಿದ್ದೆ."

"ಅದೂ ಬಹುಮಾನವೇ ಅಲ್ವಾ ಅಕ್ಕ, ನಿಮ್ಮನೇಲಿ ಯಾರಾದ್ರೂ ಕೆಲಸಕ್ಕೆ ಲೇಟಾಗಿ ಹೋಗಿದ್ದಾರಾ?"

ಸಂಗತಿ ಇಷ್ಟು. ಊರ ಹೊರಗೆ ಒಂದು ದೊಡ್ಡ ಹೋಟೆಲು ಕಟ್ಟುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದ್ದರು. ಪಾಲುದಾರರ ಜಗಳ. ಕೋಣೆಗಳಿಗೆಂದು ತರಿಸಿದ್ದ ಎಲೆಕ್ಟ್ರಿಕಲ್ ಸಾಮಾನು ಪೆಟ್ಟಿಗೆ ಒಡೆಯದೆ ನೆಲಮಾಳಿಗೆಯಲ್ಲಿ ಬಿದ್ದಿತ್ತು. ಫ್ಯಾನು, ವೈರು, ಸ್ವಿಚ್ಚು, ದೀಪಗಳು, ಜೊತೆಗೆ ರಾಶಿ ಎಂಸಿಬಿಗಳು. ಎಂಸಿಬಿ ಎಂದರೆ ವೈರಿನ ಮೇಲೆ ಹೊರೆ ಹೆಚ್ಚಾದಾಗ ತಾನಾಗಿ ಕೆಳಗೆ ಬಿದ್ದು ಕರೆಂಟು ಕಡಿದು ಮನೆ ಉಳಿಸುವ ಪುಟ್ಟ ಸ್ವಿಚ್ಚು. ಎಲ್ಲವೂ ಒಳ್ಳೆಯ ಕಂಪನಿಯದು. ಬೆಲೆ ಅರ್ಧಕ್ಕಿಂತ ಕಡಿಮೆ. ಆದರೆ ಷರತ್ತು: ಒಟ್ಟಿಗೇ ತೆಗೆದುಕೊಳ್ಳಬೇಕು, ಆರಿಸುವಂತಿಲ್ಲ, ಹಿಂದಿರುಗಿಸುವಂತಿಲ್ಲ.

ನನ್ನ ಗಂಡ ವೈರಿಂಗ್ ಕೆಲಸದವನು. ಬೆಲೆ ಕೇಳಿದವನೇ ಗಲ್ಲಾದ ಮೇಲೆ ಬೆರಳಿನಿಂದ ಲೆಕ್ಕ ಬರೆಯತೊಡಗಿದ. ಎಂಸಿಬಿಗಳ ಸಾಲಿಗೆ ಬಂದಾಗ, ಲಾಭವೆಲ್ಲ ಅಲ್ಲೇ ಕಂಡು, ಅವನ ಬೆರಳು ನಿಂತಿತು.

"ಅಮ್ಮಾ, ಮಳಿಗೆ ನಮ್ಮದಾಯ್ತು ಕಣಮ್ಮ" ಎಂದ.

ಮರುದಿನ ಅತ್ತೆ, ನನ್ನ ಗಂಡ, ನಾನು ಮೂವರೂ ದಲ್ಲಾಳಿಯ ಜೊತೆ ಹೋದೆವು. ಕಿಟಕಿಗಳಿಗೆ ಚೌಕಟ್ಟಿಲ್ಲದ ಕಟ್ಟಡ. ಗಾಳಿ ಒಂದು ಕಡೆಯಿಂದ ಬಂದು ಯಾರನ್ನೂ ಕೇಳದೆ ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ನೆಲಮಾಳಿಗೆಯಲ್ಲಿ ಮಾತ್ರ ಗಾಳಿಯಿಲ್ಲ. ಟಾರ್ಚಿನ ಬೆಳಕಿನಲ್ಲಿ ರಟ್ಟಿನ ಪೆಟ್ಟಿಗೆಗಳು ಮೇಲಿಂದ ಮೇಲೆ ನೀಟಾಗಿ ನಿಂತಿದ್ದವು. ನನ್ನ ಗಂಡ ಮೇಲಿನ ಪೆಟ್ಟಿಗೆ ತೆರೆದು ಫ್ಯಾನಿನ ರೆಕ್ಕೆ ಸವರಿದ. ಅತ್ತೆ ಬಗ್ಗಿ ತೀರ ಕೆಳಗಿನ ಪೆಟ್ಟಿಗೆಯ ಅಂಚನ್ನು ಮುಟ್ಟಿದರು. ಆಮೇಲೆ ಗೋಡೆಯನ್ನು ಮುಟ್ಟಿದರು. ಆಮೇಲೆ ಬೆರಳು ಮೂಸಿದರು.

"ಎಷ್ಟು ಎತ್ತರಕ್ಕೆ ಬಂದಿತ್ತು ನೀರು?"

ದಲ್ಲಾಳಿಯ ಸಕ್ಕರೆ ಒಂದು ಕ್ಷಣ ಕರಗಿತು. ಆದರೆ ಅವನು ಸುಳ್ಳು ಹೇಳಲಿಲ್ಲ. ಅತ್ತೆಯ ಎದುರು ಸುಳ್ಳು ಹೇಳುವುದರಿಂದ ಖರ್ಚೇ ಹೆಚ್ಚೆಂದು ಅವನಿಗೆ ತಿಳಿದಿತ್ತು. "ಒಂದ್ ಸಲ ಪೈಪ್ ಒಡೆದಿತ್ತು ಅಕ್ಕ. ಮಂಡಿ ತನಕ. ಒಂದೇ ದಿನದಲ್ಲಿ ಪಂಪ್ ಇಟ್ಟು ಖಾಲಿ ಮಾಡಿಸಿದ್ರು. ಒಣಗಿ ಎಷ್ಟೋ ಕಾಲ ಆಯ್ತು. ಆಮೇಲೆ ಪೆಟ್ಟಿಗೆ ಎಲ್ಲಾ ಹಿಂದು ಮುಂದಾಗಿ ಜೋಡಿಸಿದ್ದಾರೆ."

"ಅಂದ್ರೆ ಯಾವುದು ನೆನೆದದ್ದು, ಯಾವುದು ನೆನೆಯದ್ದು ಗೊತ್ತಿಲ್ಲ."

"ಗೊತ್ತಿದ್ರೆ ಈ ಬೆಲೆಗೆ ಕೊಡ್ತಿದ್ರಾ ಅಕ್ಕ?"

ಅತ್ತೆ ಒಂದೊಂದು ಬಗೆಯ ಸರಕಿನಿಂದಲೂ ಕೈಗೆ ಬಂದಷ್ಟು ತೆಗೆದು ಚೀಲಕ್ಕೆ ಹಾಕಿಕೊಂಡರು. ದಾರಿಯುದ್ದಕ್ಕೂ ಮಗ ಮಾತಾಡಿದ, ತಾಯಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಅಂಗಡಿಯಲ್ಲಿ ಎಲ್ಲವೂ ಟೆಸ್ಟ್ ಬೋರ್ಡಿಗೆ ಬಂದವು. ದೀಪಗಳು ಉರಿದವು. ಸ್ವಿಚ್ಚುಗಳು ಕಟಕ್ ಎಂದವು. ಒಂದು ಫ್ಯಾನಿನ ಮೋಟರು ನರಳಿತು. ಮಾವ ಸ್ಕ್ರೂಡ್ರೈವರ್ ಒತ್ತಿಕೊಂಡು ಕೇಳಿ, "ತಂತಿ ಸುತ್ತಿದ್ರೆ ಬದುಕುತ್ತೆ" ಎಂದರು. ವೈರಿಗೆ ಏನೂ ಆಗಿರಲಿಲ್ಲ. ಎಂಸಿಬಿಗಳೂ ಒಂದೊಂದಾಗಿ ಬೋರ್ಡಿಗೆ ಏರಿದವು, ಅವುಗಳ ಮೂಲಕ ಹಾಯ್ದ ಕರೆಂಟಿಗೆ ಬಲ್ಬು ಉರಿಯಿತು. ನನ್ನ ಗಂಡ ಉಗುರುಬಣ್ಣದ ಶೀಶೆಯ ಮುಚ್ಚಳ ತಿರುಗಿಸಿಯೇಬಿಟ್ಟ.

"ತಾಳು" ಎಂದರು ಮಾವ. "ಬಲ್ಬ್ ಉರಿಸೋದು ಅದರ ಕೆಲಸ ಅಲ್ಲ. ಬೀಳೋದು ಅದರ ಕೆಲಸ."

ಅವರು ಬಕೆಟ್ಟಿಗೆ ನೀರು ತುಂಬಿ, ನೀರು ಕಾಯಿಸುವ ಕಾಯಿಲುಗಳನ್ನು ಇಳಿಬಿಟ್ಟು, ಆ ಪುಟ್ಟ ಸ್ವಿಚ್ಚು ತಡೆಯಬಲ್ಲದ್ದಕ್ಕಿಂತ ಹೆಚ್ಚಿನ ಹೊರೆಯನ್ನು ಅದರ ಮೇಲೆ ಹೇರಿದರು. ಮೊದಲನೆಯದು ಸ್ವಲ್ಪ ಹೊತ್ತಿನಲ್ಲಿ ಟಪ್ಪನೆ ಬಿತ್ತು. ಇನ್ನೊಂದೂ ಬಿತ್ತು. ಮತ್ತೊಂದು ಬೀಳಲಿಲ್ಲ. ನಾವೆಲ್ಲ ಅದನ್ನೇ ನೋಡುತ್ತಾ ನಿಂತೆವು. ಬಕೆಟ್ಟಿನ ನೀರಿನಿಂದ ಹಬೆ ಏಳತೊಡಗಿತು. ಎಂಸಿಬಿ ತನ್ನ ಕಪ್ಪು ಕೊಕ್ಕನ್ನು ಮೇಲಕ್ಕೆತ್ತಿಕೊಂಡು ಹಟಮಾರಿಯಂತೆ ಕೂತೇ ಇತ್ತು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂದಾಗ ಮಾವ ಕೈಯಿಂದಲೇ ಮೇನ್ ಆರಿಸಿದರು.

"ಒಂದು ತಾನೇ ಅಪ್ಪ" ಎಂದ ನನ್ನ ಗಂಡ. "ಎಲ್ಲಾನೂ ಹೀಗೇ ಕೂತು ಟೆಸ್ಟ್ ಮಾಡೋಣ. ಬಿದ್ದದ್ದು ಇಟ್ಕೊಳ್ಳೋಣ, ಬೀಳದ್ದು ಬಿಸಾಡೋಣ."

ಮಾವ ಅದರ ಸ್ಕ್ರೂ ಬಿಚ್ಚಿ ತೋರಿಸಿದರು. ಒಳಗಿನ ಸ್ಪ್ರಿಂಗಿನ ಬುಡದಲ್ಲಿ ಅರಿಸಿನ ಚೆಲ್ಲಿದಂತೆ ತುಕ್ಕು. "ತುಕ್ಕು ಹಿಡಿಯೋಕೆ ಶುರುವಾದ ಮೇಲೆ ನಿಲ್ಲಲ್ಲ ಮಗ. ಇವತ್ತು ಬಿದ್ದದ್ದು ಎರಡು ವರ್ಷ ಬಿಟ್ಟು ಬೀಳುತ್ತೆ ಅಂತ ನಾನು ಹೇಳೋಕಾಗಲ್ಲ." ಅಷ್ಟು ಹೇಳಿ ಪರದೆಯಾಚೆ ಹೋದರು. ತೀರ್ಮಾನ ಅವರದಲ್ಲ. ಕೊಳ್ಳುವುದು ಮಾರುವುದು ಅತ್ತೆಯ ಇಲಾಖೆ.

ಆಮೇಲಿನ ದಿನಗಳಲ್ಲಿ ಅತ್ತೆಯನ್ನು ನೋಡಲಾಗುತ್ತಿರಲಿಲ್ಲ. ಚಹಾಕ್ಕೆ ಸಕ್ಕರೆ ಮರೆಯುತ್ತಿದ್ದರು. ಹೋಲ್ಡರ್ ಕೇಳಿದವರಿಗೆ ಪ್ಲಗ್ ಕೊಡುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಬೇಡವೆಂದು ಹೇಳಿ ಮುಗಿಸುತ್ತಿದ್ದರೇನೋ. ಅತ್ತೆಗೆ ಆ ಸರಕು ಬೇಕಾಗಿತ್ತು. ಮಳಿಗೆಯಂತೂ ಬೇಕೇ ಬೇಕಾಗಿತ್ತು. ಎಂಸಿಬಿ ಬಿಟ್ಟು ಉಳಿದದ್ದನ್ನಷ್ಟೇ ಮಾರಿದರೆ ಲಾಭ ಬಾಡಿಗೆಗೂ ಸಾಲದೆಂದು ಅವರು ಮನಸ್ಸಿನಲ್ಲೇ ಎಷ್ಟು ಸಲ ಲೆಕ್ಕ ಹಾಕಿದರೋ. ದಲ್ಲಾಳಿ ದಿನಾ ಹಾದುಹೋಗುತ್ತಿದ್ದ. "ನಿಮ್ಮ ಅಂಗಡೀಲಿ ಮಾರಬೇಡಿ ಅಕ್ಕ. ಚುಕ್ಕೆನೂ ಇಡಬೇಡಿ. ದೂರದ ಊರಿನ ಗಿರಾಕಿ ನಾನೇ ತೋರಿಸ್ತೀನಿ, ಹಾಗೇ ಲಾರಿಗೆ ಹಾಕಿ ಕಳಿಸಿಬಿಡಿ. ಯಾರಿಗೆ ಯಾರೋ" ಎಂದ. ಹೋಗುವ ಮುನ್ನ, "ನಿಧಾನ ಮಾಡಬೇಡಿ, ಎದುರಂಗಡಿಯವರು ನಿಮಗಿಂತ ಹೆಚ್ಚಿಗೆ ಕೊಡ್ತೀನಿ ಅಂತಿದ್ದಾರೆ" ಎಂದೂ ಹೇಳಿದ.

ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ತಂದಾಗ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು.

"ನಿನ್ನ ತವರುಮನೇಲಿ ಎಂಸಿಬಿ ಯಾವುದು ಕಣೇ?"

"ನೀವೇ ಕೊಟ್ಟದ್ದಲ್ವಾ ಅತ್ತೆ, ಅಪ್ಪ ಮನೆ ರಿಪೇರಿ ಮಾಡಿಸಿದಾಗ."

"ಬಿದ್ದಿತ್ತಾ ಯಾವತ್ತಾದ್ರೂ?"

"ಒಂದ್ ಸಲ. ಗೀಸರ್ ಸುಟ್ಟಾಗ. ಅಮ್ಮ ನಿಮ್ಮನ್ನ ಬೈದ್ರು, ಸ್ನಾನ ಅರ್ಧಕ್ಕೆ ನಿಂತುಹೋಯ್ತು ಅಂತ."

ಅತ್ತೆ ಡಬ್ಬಿ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟುಕೊಂಡರು. "ಬೈಯಲಿ" ಎಂದರು. "ಬೈಯೋಕೆ ಇದ್ದಾರಲ್ಲ."

ಸಂಜೆ ಮಗ ಬಂದಾಗ ಹೇಳಿದರು: "ನಾವು ಎಂಸಿಬಿ ಮಾರಲ್ಲ. ಇಲ್ಲೂ ಮಾರಲ್ಲ, ದೂರದ ಊರಲ್ಲೂ ಮಾರಲ್ಲ."

"ಅಗ್ಗಕ್ಕೆ ಮುಗ್ಗಲು ಜೋಳ ಅಂತ ನಾವು ಹೇಳಿದಾಗ ಗಡಿಯಾರ ಬಿಡಲಿಲ್ಲ ನೀನು. ಈಗ ಮಳಿಗೆ ಬಿಡ್ತೀಯಾ?" ಅವನ ದನಿ ಏರಿತು. "ಸರಿ, ನಾವು ಬಿಟ್ವಿ. ಎದುರಂಗಡಿಯವರು ತಗೋತಾರೆ. ಆ ಎಂಸಿಬಿ ಇದೇ ಬೀದಿ ಮನೆಗಳ ಗೋಡೆಗೆ ಹೋಗುತ್ತೆ. ನಮ್ಮ ಮಳಿಗೆನೂ ಹೋಯ್ತು, ಈ ಬೀದಿಯವರ ಮನೆನೂ ಉಳೀಲಿಲ್ಲ. ಯಾರಿಗೆ ಒಳ್ಳೇದಾಯ್ತು ಹೇಳು?"

ಮಗನ ಮಾತಿನಲ್ಲಿ ಸುಳ್ಳಿರಲಿಲ್ಲ. ಅತ್ತೆ ರಸ್ತೆಯಾಚೆಗೆ ನೋಡುತ್ತಾ ನಿಂತರು.

ಎದುರಂಗಡಿಯೂ ಎಲೆಕ್ಟ್ರಿಕಲ್ ಅಂಗಡಿಯೇ. ಗಾಜಿನ ಬಾಗಿಲು, ತಿರುಗುವ ಕುರ್ಚಿ, ಹಗಲಲ್ಲೂ ಉರಿಯುವ ಬಣ್ಣದ ದೀಪಗಳು. ಅದರ ಯಜಮಾನರಿಗೂ ಅತ್ತೆಗೂ ಮಾತು ನಿಂತು ಹದಿನೈದು ವರ್ಷ. ಕಾರಣ ಒಂದು ಏಣಿ. ಅವರು ಎರವಲು ಒಯ್ದು ಒಂದು ಮೆಟ್ಟಿಲು ಮುರಿದು ತಂದಿದ್ದರು, ಮೊದಲೇ ಮುರಿದಿತ್ತು ಎಂದಿದ್ದರು. "ಹತ್ತಿದ ಏಣಿ ಒದೆಯೋರನ್ನ ನೋಡಿದ್ದೀನಿ, ಮುರಿದು ವಾಪಸ್ ತಂದು ವಾದ ಮಾಡೋರನ್ನ ಇವರೊಬ್ಬರನ್ನೇ ನೋಡಿದ್ದು" ಎಂದು ಅತ್ತೆ ಬೀದಿಗೆ ಕೇಳುವಂತೆ ಹೇಳಿದ್ದೇ ಕೊನೆಯ ಮಾತು.

ಮರುದಿನ ಬೆಳಿಗ್ಗೆ ಅತ್ತೆ, ಮಾವ ಮತ್ತೆ ಸ್ಕ್ರೂ ಬಿಗಿದು ಮುಚ್ಚಿದ್ದ ಆ ಬೀಳದ ಎಂಸಿಬಿಯನ್ನು ಪರ್ಸಿಗೆ ಹಾಕಿಕೊಂಡು, "ನೀನೂ ಬಾ. ನಾನು ಮಧ್ಯದಲ್ಲಿ ಜಗಳ ಆಡಿದ್ರೆ ಚಿವುಟು" ಎಂದು ನನ್ನನ್ನು ಎಳೆದುಕೊಂಡು ರಸ್ತೆ ದಾಟಿದರು. ದರ್ಜಿಯ ಹೊಲಿಗೆ ಮಿಷನ್ನು ನಿಂತಿತು. ಜೆರಾಕ್ಸ್‌ನವನು ಬಾಗಿಲಿಗೆ ಬಂದ.

ಎದುರಂಗಡಿ ಯಜಮಾನರು ತಿರುಗುವ ಕುರ್ಚಿಯಲ್ಲಿ ಅರ್ಧ ತಿರುಗಿ ಹಾಗೇ ಉಳಿದರು. "ಏನು ಅಮ್ಮಾವ್ರು, ದಾರಿ ತಪ್ಪಿದ್ರಾ?"

"ರಸ್ತೆ ದಾಟಿದ್ದೀನಿ ಅಷ್ಟೇ, ದಾರಿ ತಪ್ಪಿಲ್ಲ. ಹೋಟೆಲ್ ಸರಕಿಗೆ ನೀವು ಎಷ್ಟು ಹೇಳಿದ್ದೀರಿ?"

"ಅದನ್ನ ನಿಮಗೆ ಯಾಕೆ ಹೇಳ್ಲಿ? ನೀವು ಹೇಳಿದ್ದಕ್ಕಿಂತ ಹೆಚ್ಚಿಗೇ ಹೇಳಿದ್ದೀನಿ."

"ನಾನು ಇನ್ನೂ ಏನೂ ಹೇಳೇ ಇಲ್ವಲ್ಲ."

ಯಜಮಾನರ ಕುರ್ಚಿ ಪೂರ್ತಿ ತಿರುಗಿತು. "ನೀವು ಇಷ್ಟು ಕೊಡ್ತೀರಿ ಅಂತ ದಲ್ಲಾಳಿ..." ಎಂದು ಅರ್ಧಕ್ಕೆ ನಿಲ್ಲಿಸಿದರು.

"ನನಗೂ ಹಾಗೇ ಹೇಳಿದ, ನೀವು ಕೊಡ್ತೀರಿ ಅಂತ. ನಾವಿಬ್ರೂ ಮಾತು ಬಿಟ್ಟಿದ್ದು ಅವನೊಬ್ಬನಿಗೇ ಲಾಭ ಆಯ್ತು ನೋಡಿ."

ಯಜಮಾನರು ನಗಲಿಲ್ಲ. ಆದರೆ ಸ್ಟೂಲು ತೋರಿಸಿದರು. ಅತ್ತೆ ಕೂರಲಿಲ್ಲ. ಎಂಸಿಬಿಯನ್ನು ತೆಗೆದು ಗಾಜಿನ ಮೇಲಿಟ್ಟು ನಡೆದದ್ದನ್ನು ಹೇಳಿದರು.

"ಒಂದು ಹಾಳಾಗಿರಬಹುದು. ಅಷ್ಟಕ್ಕೇ ಹೆದರ್ತೀರಾ?"

"ನಂಬಬೇಡಿ. ನೀವೇ ಹೊರೆ ಹಾಕಿ ನೋಡಿ. ನೀರು ಕಾಯಿಸೋ ಕಾಯಿಲ್ ಅಲ್ಲೇ ಇದೆಯಲ್ಲ ಹಿಂದೆ."

"ಅದು ಹೊಸದು. ಪ್ಯಾಕ್ ಒಡೆದ್ರೆ ಆಮೇಲೆ ಯಾರು ತಗೋತಾರೆ?"

"ನಾನೇ ತಗೋತೀನಿ. ಅಗ್ಗಕ್ಕೆ ಕೊಟ್ರೆ."

ನಾನು ಅತ್ತೆಯ ತೋಳನ್ನು ಮೆಲ್ಲಗೆ ಚಿವುಟಿದೆ. ಯಜಮಾನರು ಎದ್ದು ತಾವೇ ಎಲ್ಲ ಜೋಡಿಸಿದರು. ಬಕೆಟ್ಟಿನ ನೀರು ಸುಂಯ್ ಎನ್ನತೊಡಗಿತು. ಅವರು ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಎಂಸಿಬಿಯನ್ನೇ ನೋಡುತ್ತಿದ್ದರು, ಬೀಳು ಬೀಳು ಎಂದು ತುಟಿಯಲ್ಲೇ ಅನ್ನುವಂತೆ. ಅದು ಬೀಳಲಿಲ್ಲ. ಮೇನ್ ಆರಿಸಿ ಬೆರಳಿನಿಂದ ಮುಟ್ಟಿ, ಚುರ್ರೆಂದು ಕೈ ಹಿಂದಕ್ಕೆಳೆದುಕೊಂಡರು.

"ಈಗ ಏನಂತೀರಿ?" ಎಂದರು, ಈ ಸಲ ಅಮ್ಮಾವ್ರು ಎನ್ನದೆ.

ಅತ್ತೆಯ ಲೆಕ್ಕ ಸಿದ್ಧವಾಗಿತ್ತು. ಇಬ್ಬರೂ ಸೇರಿ ಕೊಳ್ಳುವುದು. ಎಂಸಿಬಿಗಳಿಗೆ ಗುಜರಿ ಬೆಲೆ ಹಿಡಿದು ಒಟ್ಟು ಬೆಲೆ ಇಳಿಸುವುದು. ಬೇರೆ ಗಿರಾಕಿ ಇಲ್ಲವೆಂದು ತಿಳಿದರೆ ಹೋಟೆಲಿನವರು ಒಪ್ಪುತ್ತಾರೆ. ಚೆನ್ನಾಗಿರುವ ಫ್ಯಾನು ದೀಪ ಯಜಮಾನರಿಗೆ, ವೈರು ಮತ್ತು ತಂತಿ ಸುತ್ತಬೇಕಾದ ಫ್ಯಾನು ನಮಗೆ. ಎಂಸಿಬಿ ಯಾರಿಗೂ ಇಲ್ಲ, ಎಲ್ಲವನ್ನೂ ಒಡೆದು ಒಳಗಿನ ತಾಮ್ರ ಹಿತ್ತಾಳೆಯನ್ನು ತೂಕಕ್ಕೆ ಹಾಕುವುದು.

"ನೀವು ಒಡೆದೆ ಅಂತ ಹೇಳಿ ಅರ್ಧ ಒಳಗಿಟ್ಕೊಂಡ್ರೆ?" ಎಂದರು ಯಜಮಾನರು. "ನಾನು ನಿಮ್ಮನ್ನ ನಂಬಲ್ಲ."

"ನಾನೂ ನಿಮ್ಮನ್ನ ನಂಬಲ್ಲ. ಅದಕ್ಕೇ ಈ ವ್ಯವಹಾರ ಸರಿಹೋಗುತ್ತೆ. ಇಬ್ಬರೂ ಎದುರೆದುರು ಕೂತು ಒಡೆಯೋಣ."

ಹೋಟೆಲಿನ ಮುಂದೆ ಇಬ್ಬರೂ ಒಟ್ಟಿಗೆ ಆಟೋದಿಂದ ಇಳಿದಾಗ ದಲ್ಲಾಳಿಯ ಮುಖ ನೋಡಬೇಕಿತ್ತು. "ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ?" ಎಂದ. "ಹುಟ್ಟಿದ ಕಡೆನೇ ಹುಟ್ಟಿದ್ದಾನೆ, ನೀನು ಎದ್ದದ್ದು ಲೇಟು. ನಮ್ಮನೆ ಗಡಿಯಾರ ಒಂದು ತಗೊಂಡು ಹೋಗು" ಎಂದರು ಅತ್ತೆ. ಹೋಟೆಲಿನ ಪಾಲುದಾರ ಮೊದಲು ಒಪ್ಪಲಿಲ್ಲ. ವಾರ ಕಳೆದ ಮೇಲೆ ಅವನೇ ಹೇಳಿಕಳಿಸಿದ. ನೆಲಮಾಳಿಗೆ ಖಾಲಿಯಾಗಬೇಕಿತ್ತು, ಕೊಳ್ಳುವವರು ಬೇರೆ ಯಾರೂ ಬಂದಿರಲಿಲ್ಲ.

ಎಂಸಿಬಿಗಳನ್ನು ಒಡೆದದ್ದು ಎದುರಂಗಡಿಯ ಹಿಂದಿನ ಅಂಗಳದಲ್ಲಿ. ಒಂದು ಕಲ್ಲಿನ ಈ ಪಕ್ಕ ಅತ್ತೆ, ಆ ಪಕ್ಕ ಯಜಮಾನರು, ಇಬ್ಬರ ಕೈಯಲ್ಲೂ ಸುತ್ತಿಗೆ. ಮೊದಲ ಏಟು ಅತ್ತೆಯದು. ನಾನು ಅವರ ಮುಖ ನೋಡಿದೆ. ಬೀದಿಯಲ್ಲಿ ಬಿದ್ದ ಗುಂಡುಸೂಜಿಯನ್ನೂ ಬಿಡದೆ ಎತ್ತಿಕೊಳ್ಳುವ ಹೆಂಗಸು ಹೊಳೆಯುವ ಹೊಸ ಸಾಮಾನನ್ನು ಒಂದೊಂದಾಗಿ ಪೆಟ್ಟಿಗೆಯಿಂದ ಬಿಚ್ಚಿ, ಒಮ್ಮೆ ಅಂಗೈಯಲ್ಲಿ ತೂಗಿ, ಕಲ್ಲಿನ ಮೇಲಿಟ್ಟು ಹೊಡೆಯುತ್ತಿದ್ದರು. ಪ್ರತಿ ಏಟಿಗೂ ಕಣ್ಣು ಮುಚ್ಚುತ್ತಿತ್ತು. ಕೈ ನಿಲ್ಲುತ್ತಿರಲಿಲ್ಲ. ಬಿಳಿಯ ಚೂರುಗಳು ಅವರ ಸೀರೆಯ ಮೇಲೆ, ಕೂದಲಿನ ಮೇಲೆ ಸಿಡಿದು ನಿಂತವು.

ಕೆಲಸ ಮುಗಿಸಿ ಬಂದ ನನ್ನ ಗಂಡ ಬಾಗಿಲಲ್ಲೇ ನಿಂತ. ಸ್ವಲ್ಪ ಹೊತ್ತು ನೋಡಿದ.

"ನೀನು ಒಡೀತಿರೋದು ನಮ್ಮ ಮಳಿಗೆ ಕಣಮ್ಮ" ಎಂದ.

ಅತ್ತೆ ಸುತ್ತಿಗೆ ಇಳಿಸಲಿಲ್ಲ. "ಗೊತ್ತು" ಎಂದರು. ಸಮಾಧಾನದ ಮಾತು ಒಂದನ್ನೂ ಸೇರಿಸಲಿಲ್ಲ. ನ್ಯಾಯ, ಧರ್ಮ, ದೇವರು ಏನನ್ನೂ ಕರೆಯಲಿಲ್ಲ. ಅಷ್ಟು ಚೆನ್ನಾಗಿ ಗೊತ್ತಿದ್ದೂ ಮತ್ತೊಂದನ್ನು ಕಲ್ಲಿನ ಮೇಲಿಟ್ಟರು. ನಾನು ಆ ಮನೆಗೆ ಸೊಸೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ಅವರನ್ನು ಅತ್ತೆ ಎಂದು ಬಾಯಲ್ಲಿ ಕರೆಯುತ್ತಿದ್ದೆ. ಆ ಗಳಿಗೆಯ ನಂತರ ಆ ಹೆಸರು ನನ್ನ ಬಾಯಲ್ಲಿ ಬೇರೆಯೇ ತೂಕದ್ದಾಯಿತು. ನನ್ನ ಗಂಡ ಬಾಗಿಲಿಗೆ ಒರಗಿಕೊಂಡೇ ಇದ್ದ. ಕತ್ತಲಾಗುವ ಮುನ್ನ ಯಜಮಾನರ ಸೊಂಟ ಹಿಡಿದುಕೊಂಡಿತು. ಆಗ ಅವನು ಬಂದು ಅವರ ಸುತ್ತಿಗೆ ತೆಗೆದುಕೊಂಡ.

ಪವಾಡವೇನೂ ನಡೆಯಲಿಲ್ಲ. ವೈರು ಬೇಗ ಖಾಲಿಯಾಯಿತು. ಫ್ಯಾನುಗಳಿಗೆ ಮಾವ ತಿಂಗಳುಗಟ್ಟಲೆ ತಂತಿ ಸುತ್ತಿದರು. ಬಂದ ಲಾಭ ಲಾಭವೇ, ಆದರೆ ಕಾಲು ಪಾಲಿನ ಕಾಲಿಗೂ ಬರಲಿಲ್ಲ. ವರ್ಷದ ಕೊನೆಗೆ ಮಳಿಗೆ ಚಪ್ಪಲಿ ಅಂಗಡಿಯವನದಾಯಿತು. ಖಾಲಿ ಮಾಡುವ ದಿನ ಅತ್ತೆ ಗೂಡುಗಳನ್ನು ಬಿಚ್ಚಿಸಲು ನೋಡಿದರು. ಗೋಡೆಗೆ ಸೇರಿಸಿ ಮಾಡಿದ್ದರಿಂದ ಹಲಗೆಗಳು ಸೀಳಿದವು. "ಬಿಡಿ, ಅವನಿಗೇ ಇರಲಿ" ಎಂದು ಹೊರಗೆ ಬಂದು ಫುಟ್‌ಪಾತಿನ ಮೇಲೆ ಕೂತರು. ಅತ್ತರು. ಜನ ನೋಡುತ್ತಾರೆಂದು ಮುಖ ಮುಚ್ಚಿಕೊಳ್ಳಲಿಲ್ಲ. ಮಾವ ಪಕ್ಕದಲ್ಲಿ ಕೂತು, ಕಿವಿ ಕೇಳದವರ ಹಾಗೆ, ತಮ್ಮ ಸ್ಕ್ರೂಡ್ರೈವರುಗಳನ್ನು ಒಂದು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಎದುರಂಗಡಿಯವರು ಸಾಮಾನು ಸಾಗಿಸಲು ತಮ್ಮ ಗಾಡಿ ಕಳಿಸಿದರು. ಡೀಸೆಲ್ಲಿನ ದುಡ್ಡು ಕೇಳಿ ತೆಗೆದುಕೊಂಡರು. ಅತ್ತೆ ಅದರಲ್ಲೂ ಚೌಕಾಸಿ ಮಾಡಿದರು. ಆ ದಿನ ಅವರ ದನಿ ಮೊದಲ ಸಲ ಎಂದಿನಂತಾದದ್ದು ಆಗಲೇ.

ಅಂಗಡಿ ಈಗ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದೆ. ಅದು ನಾನೂ ನನ್ನ ಗಂಡನೂ ಮಲಗುತ್ತಿದ್ದ ಕೋಣೆ. ನಮ್ಮ ಮಂಚ ಒಳಗೆ ಹೋಯಿತು, ಗಲ್ಲಾ ಹೊರಗೆ ಬಂತು. ಬೀದಿ ಒಳಬೀದಿ, ಓಡಾಟ ಕಡಿಮೆ. ಮೊದಲ ಕೆಲವು ವಾರ ಯಾರೂ ಬರಲಿಲ್ಲ. ಅತ್ತೆ ಬೆಳಿಗ್ಗೆ ಎಂದಿನ ಹೊತ್ತಿಗೆ ಸೀರೆ ಬದಲಿಸಿ, ಅಡುಗೆಮನೆಯಿಂದ ಹತ್ತು ಹೆಜ್ಜೆ ನಡೆದು, "ಅಂಗಡಿಗೆ ಹೋಗಿ ಬರ್ತೀನಿ" ಎಂದು ನನಗೆ ಹೇಳಿ ಕೂರುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ವಿಳಾಸ ಕೇಳಿಕೊಂಡು ಬರತೊಡಗಿದರು. ಕೆಲವರನ್ನು ದರ್ಜಿ ಕಳಿಸಿದ್ದ. ಸುಟ್ಟ ಮೋಟರು ಹಿಡಿದು ಬಂದವರನ್ನು ಎದುರಂಗಡಿಯ ಯಜಮಾನರು ಕಳಿಸಿದ್ದರು, ತಮ್ಮ ಕಮಿಷನ್ ಬಿಡದೆ.

ಮೊನ್ನೆ ನಾವು ಊಟಕ್ಕೆ ಕೂತಿದ್ದಾಗ ಬಾಗಿಲ ಬಳಿ ಒಬ್ಬಾಕೆ ಬಂದು ನಿಂತಳು. ಕೈಯಲ್ಲಿ ಒಂದು ಸ್ವಿಚ್ಚು. ಒಳಗೆ ಗೋಡೆಯಲ್ಲಿ ನನ್ನ ಮದುವೆಯ ಫೋಟೋ, ಅದರ ಕೆಳಗೆ ವೈರಿನ ಸುರುಳಿಗಳು. ಇದು ಮನೆಯೋ ಅಂಗಡಿಯೋ ತಿಳಿಯದೆ ಆಕೆ ಹೊಸ್ತಿಲಾಚೆಯೇ ಅನುಮಾನಿಸುತ್ತಿದ್ದಳು. ಅತ್ತೆ ತುತ್ತು ನುಂಗಿ ಒಳಗಿನಿಂದಲೇ ಕೂಗಿದರು:

"ಮನೆಗೆ ಬಂದಿದ್ರೆ ಬಾಗಿಲು ತಟ್ಟಮ್ಮ. ಅಂಗಡಿಗೆ ಬಂದಿದ್ರೆ ಸೀದಾ ಒಳಗೆ ಬಾ!"